ಸಾಂಬ್ರಾ–ಹುಬ್ಬಳ್ಳಿ ವಿಮಾನ ನಿಲ್ದಾಣ: ಆಕಾಶದಾಗ 75 ಕಿ.ಮೀ., ರಸ್ತೆ ಮ್ಯಾಲೆ ಎರಡು ತಾಸು. ನಮ್ಮ ತಾಲೂಕಿನವರು ಎಲ್ಲಿಂದ ಹತ್ತಬೇಕು?

ಎಂ.ಕೆ. ಹುಬ್ಬಳ್ಳಿ: ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 75 ಕಿಲೋಮೀಟರ್. ವಿಮಾನದವರ ಲೆಕ್ಕದಲ್ಲಿ 40 ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ.). ರಸ್ತೆ ಹಿಡಿದು ಹೊಂಟರೆ ಬೆಳಗಾವಿ, ನಮ್ಮ ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ಧಾರವಾಡ ದಾಟಿ ಹತ್ತಿರ ಹತ್ತಿರ ನೂರು ಕಿ.ಮೀ. ಆಗ್ತದೆ, ಎರಡು ತಾಸು ಹಿಡೀತದೆ. ಈ ಎರಡು ನಿಲ್ದಾಣಗಳ ನಡುವೆ ನಾವಿದ್ದೇವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕಿನವರು ಊರು ಬಿಟ್ಟು ದೂರ ಹೋಗಬೇಕಾದರೆ ಇವೆರಡರಲ್ಲಿ ಒಂದನ್ನ ಆರಿಸಲೇಬೇಕು. ಆದರೆ ಯಾವುದನ್ನ, ಯಾವ ಲೆಕ್ಕದ ಮೇಲೆ ಅನ್ನೋದು ಬಹಳ ಮಂದಿಗೆ ಗೊಂದಲ.

ನನಗೂ ಇತ್ತು. ಆ ಗೊಂದಲದ ಬೆಲೆ ಏನು ಅಂತ ನಮ್ಮ ಅಜ್ಜಿ ತೀರಿಕೊಂಡ ದಿನ ಗೊತ್ತಾಯ್ತು.

ಅಜ್ಜಿ ಹೋಗಿದ್ದು ನಸುಕಿನ ಹೊತ್ತಿಗೆ. ಸೋದರಮಾವ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಸಿಕ್ಕ ವಿಮಾನಕ್ಕೆ ಟಿಕೆಟ್ ತೆಗೆಸಿ ಹೊಂಟ. ಕರಕೊಂಡು ಬರಾಕ ಗಾಡಿ ಕಳಿಸೋ ಕೆಲಸ ನನ್ನದು. "ಅಣ್ಣಾ, ಏರ್‌ಪೋರ್ಟಿಗೆ ಹೋಗಿ ಮಾವನ್ನ ಕರ್ಕೊಂಡ ಬಾ" ಅಂದೆ, ಅಷ್ಟೇ. ನಮ್ಮೂರ ಡ್ರೈವರ್‌ಗೆ ಏರ್‌ಪೋರ್ಟ್ ಅಂದರೆ ಸಾಂಬ್ರಾ. ಅಂವ ಸಾಂಬ್ರಾಕ್ಕೆ ಹೋಗಿ ನಿಂತ. ಮಾವ ಇಳಿದಿದ್ದು ಹುಬ್ಬಳ್ಳಿಯೊಳಗೆ. "ನಾ ಹೊರಗ ನಿಂತೀನೋ, ಗಾಡಿ ಎಲ್ಲೈತಿ?" ಅಂತ ಮಾವ. "ನಾನೂ ಹೊರಗ ನಿಂತೇನ್ರೀ" ಅಂತ ಡ್ರೈವರ್. ಹತ್ತು ನಿಮಿಷ ಇಬ್ಬರೂ ಫೋನಿನಲ್ಲಿ ಹುಡುಕಾಡಿದರು. ಕಡೆಗೆ ಮಾವ ಅಲ್ಲೇ ಒಂದು ಟ್ಯಾಕ್ಸಿ ಹಿಡಿದು ಬಂದ. ಹೆತ್ತ ಮಗ ಮುಖ ನೋಡಬೇಕು ಅಂತ ಎಲ್ಲರೂ ಕಾಯ್ದರು. ಮಣ್ಣು ಮಾಡೋವಾಗ ಕತ್ತಲಾಗಿತ್ತು, ಮೊಬೈಲ್ ಬೆಳಕು ಹಿಡಿದು ನಿಂತಿದ್ದೆವು. ಮಾವ ನನಗೆ ಒಂದು ಮಾತೂ ಅನ್ನಲಿಲ್ಲ. ತಪ್ಪು ಮಾತ್ರ ನನ್ನದೇ.

ಅದಕ್ಕೇ ಈ ಬರಹ. ಟಿಕೆಟ್ ತೆಗೆಯೋ ಮೊದಲು, ಗಾಡಿ ಕಳಿಸೋ ಮೊದಲು ಒಮ್ಮೆ ನೋಡಲಿಕ್ಕೆ ಇರಲಿ.

ಹೆಸರು ಮೊದಲು, ಆಮೇಲೆ ದೂರ

ನಮ್ಮೂರಿನ ಹೆಸರಿನೊಳಗೇ ಹುಬ್ಬಳ್ಳಿ ಇದೆ. ಮುಗುಟಖಾನ ಹುಬ್ಬಳ್ಳಿ. ಮಲಪ್ರಭಾ ನದಿ ದಂಡೆ, ಗಂಗಾಂಬಿಕೆಯ ಐಕ್ಯಮಂಟಪ, ಸಕ್ಕರೆ ಕಾರ್ಖಾನೆ ಅಂದರೆ ಜಿಲ್ಲೆಯವರಿಗೆ ಗುರುತು ಸಿಗ್ತದೆ. ಬೆಂಗಳೂರು, ಹೈದರಾಬಾದಿನವರಿಗೆ ಸಿಗಂಗಿಲ್ಲ. "ನಾವು ಹುಬ್ಬಳ್ಳಿಯವರು" ಅಂದರೆ ಅವರು ಹುಬ್ಬಳ್ಳಿ–ಧಾರವಾಡದ ಹುಬ್ಬಳ್ಳಿಗೇ ಟಿಕೆಟ್ ತೆಗೀತಾರೆ. ಮೊಬೈಲಿನ ಟ್ಯಾಕ್ಸಿ ಆ್ಯಪ್‌ನಲ್ಲಿ ಬರೀ ಹುಬ್ಬಳ್ಳಿ ಅಂತ ಒತ್ತಿದರೂ ಹಂಗೇ ಆಗ್ತದೆ.

ಇದಕ್ಕೆ ಒಂದೇ ಉಪಾಯ ಅಂದರೆ ಟಿಕೆಟ್ ಮೇಲಿನ ಮೂರಕ್ಷರದ ಕೋಡ್ ನೋಡೋದು. ಬೆಳಗಾವಿಗೆ ಐಎಕ್ಸ್‌ಜಿ. ಹುಬ್ಬಳ್ಳಿಗೆ ಎಚ್‌ಬಿಎಕ್ಸ್. ಊರ ಹೆಸರು ಕೆಲವು ಕಡೆ ಇನ್ನೂ ಬೆಳಗಾಂ, ಹುಬ್ಳಿ ಅಂತಲೇ ಬರ್ತದೆ, ಗಾಬರಿ ಬೇಡ. ಕರ್ನಾಟಕದ ಊರುಗಳ ಹೆಸರು 2014ರ ನವೆಂಬರ್ 1ರಂದು ಬದಲಾದವು, ಕೋಡ್ ಬದಲಾಗಲಿಲ್ಲ.

ಇಳಿಯೋ ಊರಿನ ಕೋಡನ್ನೂ ನೋಡಬೇಕು. ಗೋವಾದೊಳಗೆ ಈಗ ಎರಡು ವಿಮಾನ ನಿಲ್ದಾಣ. ಹಳೆಯ ದಾಬೋಲಿಂ ಜಿಒಐ, 2023ರ ಜನವರಿಯಲ್ಲಿ ಶುರುವಾದ ಮೋಪಾ ಜಿಒಎಕ್ಸ್. ಒಂದು ದಕ್ಷಿಣಕ್ಕೆ, ಒಂದು ಉತ್ತರಕ್ಕೆ. ಮುಂಬೈದೂ ಈಗ ಅದೇ ಕತೆ, 2025ರ ಡಿಸೆಂಬರ್‌ನಿಂದ ನವಿ ಮುಂಬೈಯಿಂದಲೂ ವಿಮಾನ ಹಾರ್ತಾವೆ. ದಾದರಿನ ಬೀಗರು ಒಂದು ಕಡೆ ಕಾಯ್ದು, ನೀವು ಇನ್ನೊಂದು ಕಡೆ ಇಳಿದರೆ ನಮ್ಮ ಮಾವನ ಪಾಡೇ.

75 ಕಿ.ಮೀ. ಹೆಂಗ ಬಂತು?

ಇದನ್ನ ಹತ್ತನೇ ಕ್ಲಾಸಿನ ಹುಡುಗರೂ ಲೆಕ್ಕ ಹಾಕಬಹುದು. ಸಾಂಬ್ರಾ ಇರೋದು ಉತ್ತರ ಅಕ್ಷಾಂಶ 15.86, ಪೂರ್ವ ರೇಖಾಂಶ 74.62ರ ಹತ್ತಿರ. ಹುಬ್ಬಳ್ಳಿ ನಿಲ್ದಾಣ 15.36 ಮತ್ತು 75.08. ಅಕ್ಷಾಂಶದಲ್ಲಿ ಅರ್ಧ ಡಿಗ್ರಿ ವ್ಯತ್ಯಾಸ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಆದ್ದರಿಂದ ತೆಂಕಣಕ್ಕೆ 55 ಕಿ.ಮೀ. ರೇಖಾಂಶದ ಒಂದು ಡಿಗ್ರಿ ನಮ್ಮ ಸೀಮೆಯಲ್ಲಿ ಸ್ವಲ್ಪ ಸಣ್ಣದು, 107 ಕಿ.ಮೀ. ಆಸುಪಾಸು, ಯಾಕಂದರೆ ಭೂಮಿ ಮೇಲಕ್ಕೆ ಹೋದಂಗೆ ಸಪೂರ ಆಗ್ತದೆ. ಆ ಲೆಕ್ಕಕ್ಕೆ ಮೂಡಣಕ್ಕೆ 50 ಕಿ.ಮೀ. ಇನ್ನು ಪೈಥಾಗೊರಸ್. 55ರ ವರ್ಗ, 50ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 74 ಚಿಲ್ಲರೆ. (ಕಾಲೇಜು ಅರ್ಧಕ್ಕೆ ಬಿಟ್ಟವನಿಗೂ ಇಷ್ಟು ನೆನಪದ ನೋಡ್ರಿ.)

ದೂರದ ಊರಿಗಾದರೆ ಈ ಸಾದಾ ಲೆಕ್ಕ ಸಾಲಂಗಿಲ್ಲ, ಭೂಮಿಯ ಗುಂಡಗಿನ ಆಕಾರ ಹಿಡೀಬೇಕಾಗ್ತದೆ. ಗ್ಲೋಬ್ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದು ಹಿಡಿದರೆ ಬರೋ ಉದ್ದ ಅದು. ಮೊಬೈಲಿನಲ್ಲಿ ವಿಮಾನ ದೂರ ಅಂತ ಬರೋದು ಈ ದಾರದ ಉದ್ದವೇ. ವಿಮಾನ ನಿಜವಾಗಿ ಹಾರೋದು ಅದಕ್ಕಿಂತ ಜಾಸ್ತಿ. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಏರಬೇಕು, ಅಲ್ಲಿಂದ ತಿರುಗಬೇಕು, ಗೊತ್ತು ಮಾಡಿದ ದಾರಿಯಲ್ಲೇ ಹೋಗಬೇಕು, ಇಳಿಯೋವಾಗ ಸಾಲಿನಲ್ಲಿ ಕಾಯಬೇಕು.

ಸಾಂಬ್ರಾ–ಹುಬ್ಬಳ್ಳಿಗೆ ಒಂದು ವಿಮಾನ ಹಾರಿತು ಅಂತ ಇಟ್ಕೊಳ್ಳೋಣ. ರೆಕ್ಕೆಯ ಮುಂದೆ ಫ್ಯಾನ್ ತಿರುಗೋ ಎಟಿಆರ್ ವಿಮಾನ ಮೇಲೆ ತಾಸಿಗೆ 500 ಕಿ.ಮೀ. ಹತ್ತಿರ ಓಡ್ತದೆ. ಲೆಕ್ಕಕ್ಕೆ ಒಂಬತ್ತು ನಿಮಿಷ. ಆದರೆ ಆ ವೇಗ ಹಿಡಿಯೋ ಎತ್ತರಕ್ಕೆ ಏರೋ ಮೊದಲೇ ಇಳಿಯಲಿಕ್ಕೆ ಶುರು ಮಾಡಬೇಕು. ನೆಲದ ಮೇಲೆ ಓಡಾಡೋದು, ಏರೋದು, ತಿರುಗೋದು, ಇಳಿಯೋದು ಎಲ್ಲ ಕೂಡಿಸಿದರೆ ಅರ್ಧ ತಾಸು ಬೇಕೇ ಬೇಕು. ಈ ದೂರಕ್ಕೆ ಯಾರೂ ವಿಮಾನ ಹತ್ತಂಗಿಲ್ಲ ಬಿಡ್ರಿ. ಆದರೂ ಈ ಒಂಬತ್ತು ನಿಮಿಷ ನೆನಪಿಟ್ಟುಕೊಳ್ಳಬೇಕು, ಮುಂದಿನ ಮಾತು ನಿಂತಿರೋದು ಅದರ ಮೇಲೆಯೇ.

ನಾಲ್ಕು ಊರು, ಒಂದೇ ಗೆರೆ

ನಕಾಶೆ ತೆಗೆದು ಮುಂಬೈಯಿಂದ ಬೆಂಗಳೂರಿಗೆ ಒಂದು ಸ್ಕೇಲ್ ಇಡ್ರಿ. ಬೆಳಗಾವಿ, ಹುಬ್ಬಳ್ಳಿ ಎರಡೂ ಹೆಚ್ಚುಕಮ್ಮಿ ಆ ಗೆರೆ ಮೇಲೇ ಬರ್ತಾವೆ. ಹಳೆಯ ಪುಣೆ–ಬೆಂಗಳೂರು ರಸ್ತೆ ನಮ್ಮೂರ ಮುಂದೆ ಹಾದು ಹೋಗಿರೋದೂ ಅದಕ್ಕೇ.

ಬೆಳಗಾವಿಯಿಂದ ಬೆಂಗಳೂರು (ದೇವನಹಳ್ಳಿ) ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 445 ಕಿ.ಮೀ. ಹುಬ್ಬಳ್ಳಿಯಿಂದ 370. ಮುಂಬೈಗೆ ನೋಡಿದರೆ ಉಲ್ಟಾ. ಬೆಳಗಾವಿಯಿಂದ 405ರ ಹತ್ತಿರ, ಹುಬ್ಬಳ್ಳಿಯಿಂದ 475. ಅಂದರೆ ಬೆಂಗಳೂರಿಗೆ ಹುಬ್ಬಳ್ಳಿ 75 ಕಿ.ಮೀ. ಸಮೀಪ, ಮುಂಬೈಗೆ ಬೆಳಗಾವಿ 70 ಕಿ.ಮೀ. ಸಮೀಪ. ಹೈದರಾಬಾದಿಗೆ ಹುಬ್ಬಳ್ಳಿಯಿಂದ ಇಪ್ಪತ್ತು ಕಿ.ಮೀ. ಕಡಿಮೆ, ದಿಲ್ಲಿಗೆ ಬೆಳಗಾವಿಯಿಂದ ನಲವತ್ತೈದರಷ್ಟು ಕಡಿಮೆ. ದಿಲ್ಲಿ ಇರೋದೇ 1,400 ಕಿ.ಮೀ.ಗಿಂತ ಆಚೆ, ಅಲ್ಲಿ ಈ ನಲವತ್ತೈದು ಲೆಕ್ಕಕ್ಕೇ ಬರಂಗಿಲ್ಲ.

ಈಗ ಆ ಒಂಬತ್ತು ನಿಮಿಷಕ್ಕೆ ಬರೋಣ. ಎಷ್ಟೇ ತಲೆ ಕೆಡಿಸಿಕೊಂಡು "ಹತ್ತಿರದ" ನಿಲ್ದಾಣ ಹುಡುಕಿದರೂ ಆಕಾಶದಲ್ಲಿ ಉಳಿಯೋದು ಎಟಿಆರ್‌ನಲ್ಲಿ ಒಂಬತ್ತು ನಿಮಿಷ. 180 ಸೀಟಿನ ದೊಡ್ಡ ಜೆಟ್ ವಿಮಾನ ತಾಸಿಗೆ 800 ಕಿ.ಮೀ. ಮೇಲೆ ಓಡ್ತದೆ, ಅದರಲ್ಲಾದರೆ ಐದಾರು ನಿಮಿಷ. ನೆಲದ ಮೇಲೆ ಅದೇ 75 ಕಿ.ಮೀ.ಗೆ ನೀವು ಕೊಡೋದು ಎರಡು ತಾಸು. ಹಿಂಗಾಗಿ ವಿಮಾನದ ದೂರ ನೋಡಿ ನಿಲ್ದಾಣ ಆರಿಸಬಾರದು. ಮನೆಯಿಂದ ನಿಲ್ದಾಣದ ದೂರ, ವಿಮಾನದ ಹೊತ್ತು, ಟಿಕೆಟ್ ರೇಟು, ಈ ಮೂರನ್ನ ನೋಡಿ ಆರಿಸಬೇಕು.

ಯಾವ ತಾಲೂಕಿಗೆ ಯಾವುದು

ಎಂ.ಕೆ. ಹುಬ್ಬಳ್ಳಿಯವರಿಗೆ ಸಾಂಬ್ರಾ ಹತ್ತಿರ, ಅದರಲ್ಲಿ ಅನುಮಾನ ಇಲ್ಲ. ಬೆಳಗಾವಿ ಮೇಲಿಂದ ಹೋದರೆ ನಲವತ್ತು ಕಿ.ಮೀ. ಆಸುಪಾಸು. ಹುಬ್ಬಳ್ಳಿ ನಿಲ್ದಾಣ ಅರವತ್ತರ ಮೇಲೆ. ಆದರೆ ಬೆಳಗಾವಿ ಊರೊಳಗೆ ಸಿಕ್ಕಿಕೊಂಡರೆ ಕಿ.ಮೀ. ಲೆಕ್ಕ ಕೆಲಸಕ್ಕೆ ಬರಂಗಿಲ್ಲ, ತಾಸೂಕಾಲು ಇಟ್ಟುಕೊಳ್ಳೋದು ಒಳ್ಳೇದು. ಹಿರೇಬಾಗೇವಾಡಿ ಟೋಲ್ ಇದೇ ದಾರಿಯಲ್ಲಿ ಬರ್ತದೆ. ಫಾಸ್ಟ್ಯಾಗ್‌ನಲ್ಲಿ ರೊಕ್ಕ ಇದೆಯೋ ಇಲ್ಲೋ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ರಿ.

ಕಿತ್ತೂರಿನಲ್ಲಿ ತಕ್ಕಡಿ ಸಮ ಆಗ್ತದೆ. ನೇರ ಗೆರೆ ಎಳೆದರೆ ಸಾಂಬ್ರಾ ಸ್ವಲ್ಪ ಹತ್ತಿರ, ರಸ್ತೆ ಹಿಡಿದರೆ ಎರಡೂ ಹೆಚ್ಚುಕಮ್ಮಿ ಅಷ್ಟೇ. ಕಿತ್ತೂರಿನವರು ದೂರದ ಚಿಂತೆ ಬಿಟ್ಟು ರೇಟು ಮತ್ತು ಟೈಮ್ ಎರಡನ್ನೇ ನೋಡಿದರೂ ನಡೀತದೆ. ತೇಗೂರು ದಾಟಿದ ಮೇಲೆ ಹುಬ್ಬಳ್ಳಿಯೇ.

ಬೈಲಹೊಂಗಲದವರಿಗೆ ಒಂದು ಅನುಕೂಲ ಇದೆ, ಬಹಳ ಜನ ಅದನ್ನ ಬಳಸಂಗಿಲ್ಲ. ಸಾಂಬ್ರಾ ಇರೋದು ಬೆಳಗಾವಿ–ಬಾಗಲಕೋಟ ರಸ್ತೆ ಮೇಲೆ, ಊರಿನ ಮೂಡಣ ದಿಕ್ಕಿಗೆ. ಬೈಲಹೊಂಗಲದಿಂದ ನೇಸರಗಿಗೆ ಹೋಗಿ ಆ ರಸ್ತೆ ಹಿಡಿದರೆ ಬೆಳಗಾವಿ ಊರೊಳಗೆ ಕಾಲಿಡದೇ ನಿಲ್ದಾಣಕ್ಕೆ ಹೋಗಬಹುದು. ನೇರ ಗೆರೆಯ ಲೆಕ್ಕದಲ್ಲಿ ಬೈಲಹೊಂಗಲಕ್ಕೂ ಸಾಂಬ್ರಾಕ್ಕೂ ಇಪ್ಪತ್ತೇಳು ಕಿ.ಮೀ. ಅಷ್ಟೇ, ಹುಬ್ಬಳ್ಳಿ ನಿಲ್ದಾಣ ಅದರ ಎರಡು ಪಟ್ಟು. ನಾಲ್ಕೂ ತಾಲೂಕಿನ ಪೇಟೆಗಳಲ್ಲಿ ವಿಮಾನಕ್ಕೆ ಎಲ್ಲರಿಗಿಂತ ಸಮೀಪ ಇರೋರು ಬೈಲಹೊಂಗಲದವರೇ.

ಸವದತ್ತಿಯವರಿಗೆ ಹುಬ್ಬಳ್ಳಿ. ಧಾರವಾಡಕ್ಕೆ ಬಂದು ಅಲ್ಲಿಂದ ಮುಂದೆ ಹೋಗೋದು. ನೇರ ಗೆರೆ 45 ಕಿ.ಮೀ., ಸಾಂಬ್ರಾ ಆದರೆ 55. ಯರಗಟ್ಟಿಯವರಿಗೆ ಮಾತ್ರ ಬಾಗಲಕೋಟ ರಸ್ತೆ ಊರ ಮುಂದೇ ಇರೋದರಿಂದ ಸಾಂಬ್ರಾ ಅನುಕೂಲ. ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಜನ ಸೇರಿದಾಗ ಸವದತ್ತಿ ಸುತ್ತಿನ ಯಾವ ರಸ್ತೆಯನ್ನೂ ನಂಬಬೇಡ್ರಿ. ಆ ದಿನಗಳಲ್ಲಿ ಒಂದು ತಾಸು ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು.

ರಾಮದುರ್ಗ ಎರಡಕ್ಕೂ ದೂರ. ನೇರ ಗೆರೆಯಲ್ಲಿ ಎರಡೂ ಎಪ್ಪತ್ತರ ಆಜುಬಾಜು. ರಸ್ತೆ ಲೆಕ್ಕದಲ್ಲಿ ನರಗುಂದ, ನವಲಗುಂದ ಮೇಲಿಂದ ಹುಬ್ಬಳ್ಳಿ ಅನುಕೂಲ. ನಿಲ್ದಾಣ ಮಾತ್ರ ಹುಬ್ಬಳ್ಳಿಯ ಪಡುವಣಕ್ಕೆ ಇರೋದರಿಂದ ಇಡೀ ಊರು ದಾಟಬೇಕು, ಅದಕ್ಕೆ ಬೇರೆ ಹೊತ್ತು ಹಿಡೀಬೇಕು.

ಗಾಡಿ ಇಲ್ಲದವರಿಗೆ ಒಂದು ಮಾತು. ಧಾರವಾಡ–ಹುಬ್ಬಳ್ಳಿ ನಡುವಿನ ಚಿಗರಿ ಬಸ್ ಚಲೋ ಅದ, ಆದರೆ ಅದು ಏರ್‌ಪೋರ್ಟ್ ಮುಂದೆ ಹೋಗಂಗಿಲ್ಲ. ನಡುವೆ ಇಳಿದು ಗೋಕುಲ ರಸ್ತೆಗೆ ಆಟೋ ಹಿಡೀಬೇಕು.

ಒಂದೂಕಾಲು ತಾಸು ಅಂದರೆ ಆರು ತಾಸು

ಬೆಂಗಳೂರು ವಿಮಾನಕ್ಕೆ ವೇಳಾಪಟ್ಟಿಯಲ್ಲಿ ಒಂದು ತಾಸಿನ ಮೇಲೆ ಒಂದಿಷ್ಟು ನಿಮಿಷ ಅಂತ ಇರ್ತದೆ. ಅದನ್ನ ನೋಡಿ "ತಾಸೂಕಾಲಿನೊಳಗ ಬೆಂಗಳೂರು" ಅಂತ ಅಂದುಕೊಳ್ಳೋರು ಬಹಳ. ಆ ಹೊತ್ತು ವಿಮಾನ ನಿಂತ ಜಾಗದಿಂದ ಅಲುಗಾಡಿದ ಗಳಿಗೆಯಿಂದ ಆ ಕಡೆ ನಿಲ್ಲೋವರೆಗಿನದು ಮಾತ್ರ. ನಿಮ್ಮ ಪ್ರಯಾಣ ಮನೆ ಬಾಗಿಲಿನಿಂದ ಶುರು ಆಗಿರ್ತದೆ.

ನಮ್ಮೂರ ಬಸ್ ಸ್ಟ್ಯಾಂಡಿನಿಂದ ಲೆಕ್ಕ ಹಾಕ್ರಿ. ಸಾಂಬ್ರಾಕ್ಕೆ ತಾಸೂಕಾಲು. ವಿಮಾನದ ಹೊತ್ತಿಗೆ ಒಂದೂವರೆ ತಾಸು ಮೊದಲು ಅಲ್ಲಿರಬೇಕು. ವಿಮಾನದ್ದು ತಾಸೂಕಾಲು. ದೇವನಹಳ್ಳಿಯಲ್ಲಿ ಇಳಿದು, ನಡೆದು, ಬ್ಯಾಗ್ ಬರೋವರೆಗೆ ಅರ್ಧ ತಾಸು. ಅಲ್ಲಿಂದ ಮೆಜೆಸ್ಟಿಕ್ 35 ಕಿ.ಮೀ. ಹತ್ತಿರ, ಟ್ರಾಫಿಕ್ ನೋಡಿ ಒಂದರಿಂದ ಒಂದೂವರೆ ತಾಸು. ಕೂಡಿಸಿದರೆ ಹತ್ತಿರ ಹತ್ತಿರ ಆರು ತಾಸು. ರಾತ್ರಿ ಸ್ಲೀಪರ್ ಬಸ್ಸಿಗೆ ಎಂಟೂವರೆ–ಒಂಬತ್ತು ತಾಸು. ಉಳಿಯೋದು ಮೂರು ತಾಸು.

ಆ ಮೂರು ತಾಸಿಗೆ ರೊಕ್ಕ ಕೊಡಬೇಕೋ ಬ್ಯಾಡೋ ಅನ್ನೋದು ಕೆಲಸದ ಮೇಲೆ. ಚಿಕ್ಕಪೇಟೆಗೆ ಬಟ್ಟೆ ತರಲಿಕ್ಕೆ ಹೋಗೋ ಅಂಗಡಿಯವರಿಗೆ ರಾತ್ರಿ ಬಸ್ಸೇ ಲಾಭ ಅಂತ ನನ್ನ ಅನಿಸಿಕೆ. ಮಲಗಿ ಹೋಗಿ, ಮುಂಜಾನೆ ಅಂಗಡಿ ತೆರೆಯೋ ಹೊತ್ತಿಗೆ ಅಲ್ಲಿರಬಹುದು, ಲಾಡ್ಜ್ ಖರ್ಚೂ ಇಲ್ಲ. ಮಾಲಿನ ಗಂಟನ್ನ ವಿಮಾನದಲ್ಲಿ ತರೋದಂತೂ ಆಗದ ಮಾತು, ಸಾಮಾನ್ಯವಾಗಿ ಒಳಗೆ ಹಾಕೋ ಸಾಮಾನಿಗೆ 15 ಕಿಲೋ, ಕೈಯ್ಯಾಗಿನ ಬ್ಯಾಗಿಗೆ 7 ಕಿಲೋ ಅಷ್ಟೇ. ಆಪರೇಷನ್ ಆದವರು, ವಯಸ್ಸಾದವರು, ಒಂದು ರಾತ್ರಿ ಬಸ್ಸಿನಲ್ಲಿ ಕೂಡಲಾರದವರಿಗೆ ಆ ಮೂರು ತಾಸು ದೊಡ್ಡದು. ದಿಲ್ಲಿ, ಹೈದರಾಬಾದಿಗಾದರೆ ವಿಮಾನದ ಲಾಭ ಇನ್ನೂ ದೊಡ್ಡದು. ಹಗಲು ಹೋಗೋರಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ರೈಲೂ ಇದೆ, ಎಂಟೂವರೆ ತಾಸಿನ ಆಸುಪಾಸು.

ಒಂದೂವರೆ ತಾಸು ಮೊದಲು ಅನ್ನೋದನ್ನ ಹಗುರ ತಗೋಬ್ಯಾಡ್ರಿ. ಟಿಕೆಟ್ ಮೇಲಿನ ಹೊತ್ತು ವಿಮಾನ ಹೊರಡೋದು, ನೀವು ಹೋಗಬೇಕಾದ ಹೊತ್ತಲ್ಲ. ಬ್ಯಾಗ್ ಕೊಡೋ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಬಂದ್ ಆಗ್ತದೆ, ಕೆಲವು ಕಂಪನಿಯವರದ್ದು 45 ನಿಮಿಷ. ಹತ್ತೋ ಗೇಟು 25 ನಿಮಿಷ ಮೊದಲು. ಬಸ್ಸಿನಂಗೆ "ಸ್ವಲ್ಪ ನಿಲ್ಲಿಸ್ರೀ, ಬಂದ್ವಿ" ಅಂತ ಅಲ್ಲಿ ಕೂಗಂಗಿಲ್ಲ.

ತಡ ಆಗೋ ದಿನಗಳು

ನಮ್ಮ ರಸ್ತೆಯಲ್ಲಿ ತಡ ಆಗೋದಕ್ಕೆ ಒಂದು ಪಂಚಾಂಗ ಇದೆ. ಡಿಸೆಂಬರ್ ಹೊತ್ತಿಗೆ ಬೆಳಗಾವಿ ಅಧಿವೇಶನ. ಸುವರ್ಣ ವಿಧಾನಸೌಧ ಇರೋದೇ ಹಲಗಾ ಹತ್ತಿರ, ಹೆದ್ದಾರಿ ಪಕ್ಕ. ಅಲ್ಲಿ ಧರಣಿ, ಮೆರವಣಿಗೆ, ಮಂತ್ರಿಗಳ ಗಾಡಿ ಸಾಲು. ನಮ್ಮೂರಿಂದ ಸಾಂಬ್ರಾಕ್ಕೆ ಹೋಗೋರು ಅದರ ಮುಂದೇ ಹಾಯಬೇಕು. ಶಾಸಕರು, ಅಧಿಕಾರಿಗಳು ಓಡಾಡೋದರಿಂದ ವಿಮಾನದ ಸೀಟಿಗೂ ಅದೇ ದಿನಗಳಲ್ಲಿ ಜಗ್ಗಾಟ. ಆ ಎರಡು ವಾರ ಹುಬ್ಬಳ್ಳಿ ಕಡೆ ಹೋಗೋದು ವಾಸಿ.

ಕಬ್ಬಿನ ಹಂಗಾಮು ಇನ್ನೊಂದು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿ ಹಿಂದೆ ಲೈಟ್ ಇಲ್ಲದೇ ನಡೀತಾವೆ. ನಸುಕಿನ ವಿಮಾನಕ್ಕೆ ಹೋಗೋರು ಇದನ್ನ ತಲೆಯಲ್ಲಿಡಬೇಕು.

ಹುಬ್ಬಳ್ಳಿ ಕಡೆ ಹೋಗೋರಿಗೆ ಧಾರವಾಡದ ನರೇಂದ್ರ ಬಳಿ ಬೈಪಾಸ್ ಸಿಗ್ತದೆ, ಧಾರವಾಡ ಊರಿನ ಸಿಗ್ನಲ್ ತಪ್ತಾವೆ. ವರ್ಷಾನುಗಟ್ಟಲೆ ಎರಡೇ ಪಥ ಇದ್ದು ಅಪಘಾತಕ್ಕೆ ಹೆಸರಾದ ರಸ್ತೆ ಅದು. 2021ರ ಜನವರಿ 15ರ ಮುಂಜಾನೆ ಇಟ್ಟಿಗಟ್ಟಿ ಹತ್ತಿರ ದಾವಣಗೆರೆಯ ಗೆಳತಿಯರು ಗೋವಾಕ್ಕೆ ಹೊರಟಿದ್ದ ಟೆಂಪೋ ಟ್ರಾವೆಲರ್‌ಗೆ ಆದದ್ದು ಈ ಕಡೆಯ ಎಲ್ಲರಿಗೂ ನೆನಪಿದೆ. ಹೊತ್ತಾಯ್ತು ಅಂತ ಆ ರಸ್ತೆಯಲ್ಲಿ ಡ್ರೈವರ್‌ಗೆ "ಜೋರ್ ಹೊಡಿಯಪಾ" ಅನ್ನಬೇಡ್ರಿ. ವಿಮಾನ ತಪ್ಪಿದರೆ ಇನ್ನೊಂದು ಟಿಕೆಟ್ ಸಿಗ್ತದೆ.

ಮಳೆಗಾಲದಲ್ಲಿ, ಚಳಿಗಾಲದ ಮಂಜಿನಲ್ಲಿ ಪೈಲಟ್‌ಗೆ ರನ್‌ವೇ ಕಾಣದಿದ್ದರೆ ವಿಮಾನ ಬೇರೆ ನಿಲ್ದಾಣಕ್ಕೆ ತಿರುಗ್ತದೆ. ಬೆಳಗಾವಿಗೆ ಇಳಿಯಬೇಕಾದದ್ದು ಹುಬ್ಬಳ್ಳಿಗೆ, ಹುಬ್ಬಳ್ಳಿಯದು ಬೆಳಗಾವಿಗೆ, ಇಲ್ಲಾ ಗೋವಾ, ಬೆಂಗಳೂರಿಗೆ. ಕರೆದುಕೊಂಡು ಬರಲಿಕ್ಕೆ ಹೋಗೋ ಡ್ರೈವರ್ ಕೈಗೆ ವಿಮಾನದ ನಂಬರ್ ಕೊಟ್ಟಿರಿ, ಅದು ಎಲ್ಲಿ ಇಳಿಯಿತು ಅಂತ ಮೊಬೈಲಿನಲ್ಲಿ ಗೊತ್ತಾಗ್ತದೆ.

ಮುಂಬೈ, ಬೆಂಗಳೂರು, ಹೈದರಾಬಾದಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತೋರು ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ತೆಗೆಸಬೇಕು. ಬೇರೆ ಬೇರೆ ಟಿಕೆಟ್ ಇದ್ದು ಮೊದಲಿನದು ತಡ ಆದರೆ ಎರಡನೇ ಕಂಪನಿಯವರಿಗೆ ಅದು ಸಂಬಂಧ ಇಲ್ಲ, ರೊಕ್ಕ ಹೋದಂಗೇ. ದುಬೈಗೆ ದುಡಿಯಲಿಕ್ಕೆ ಹೋಗೋ ಹುಡುಗರು ಇದರಲ್ಲಿ ಸಿಕ್ಕಿಬೀಳ್ತಾರೆ. ಇನ್ನೊಂದು, ಟಿಕೆಟ್ ಮೇಲಿನ ಇಳಿಯೋ ಹೊತ್ತು ಆ ಊರಿನ ಗಡಿಯಾರದ್ದು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಅದಕ್ಕೆ ಹೋಗೋವಾಗ ಪ್ರಯಾಣ ಸಣ್ಣದು, ಬರೋವಾಗ ದೊಡ್ಡದು ಅನಿಸ್ತದೆ.

ಇವತ್ತಿದ್ದ ವಿಮಾನ ನಾಳೆ ಯಾಕ ಇರಂಗಿಲ್ಲ?

ಸಾಂಬ್ರಾ ಹಳೆಯದು. ಎರಡನೇ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ್ದು. ಹುಬ್ಬಳ್ಳಿಯದು 1974ರದ್ದು. ಹೊಸ ಟರ್ಮಿನಲ್ ಎರಡಕ್ಕೂ ಒಂದೇ ವರ್ಷ ಬಂತು, ಬೆಳಗಾವಿಗೆ 2017ರ ಸೆಪ್ಟೆಂಬರ್‌ನಲ್ಲಿ, ಹುಬ್ಬಳ್ಳಿಗೆ ಅದೇ ಡಿಸೆಂಬರ್‌ನಲ್ಲಿ. ಬೆಳಗಾವಿ ರನ್‌ವೇ 2,300 ಮೀಟರ್, ಹುಬ್ಬಳ್ಳಿಯದು 2,600.

ಅಲ್ಲಿಂದ ಮುಂದೆ ಅಣ್ತಮ್ಮಂದಿರ ಪೈಪೋಟಿ. 2018ರ ಮೇನಲ್ಲಿ ಸ್ಪೈಸ್‌ಜೆಟ್ ತನ್ನ ವಿಮಾನಗಳನ್ನ ಬೆಳಗಾವಿಯಿಂದ ಹುಬ್ಬಳ್ಳಿಗೆ ಒಯ್ದಾಗ ಬೆಳಗಾವಿಯವರು ಸಿಟ್ಟಾಗಿದ್ದು ಸುಮ್ಮನೆ ಅಲ್ಲ. ಹೊಸ ಟರ್ಮಿನಲ್ ಕಟ್ಟಿ ವರ್ಷ ತುಂಬೋದರೊಳಗೆ ಅದು ಭಣಗುಟ್ಟಿತು, ಹತ್ತೋರು ನಮ್ಮೂರ ಮುಂದಿಂದ ಹುಬ್ಬಳ್ಳಿಗೆ ಓಡಾಡಿದರು. 2019ರಲ್ಲಿ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಗೆ ಹಲವು ಮಾರ್ಗ ಸಿಕ್ಕವು, ಮತ್ತೆ ಗದ್ದಲ ಬಂತು. ಉಡಾನ್ ಅಂದರೆ ಸಣ್ಣ ಊರಿನ ವಿಮಾನಕ್ಕೆ ಸರ್ಕಾರ ನಷ್ಟ ತುಂಬಿಕೊಡೋದು. ಶುರುವಿನಲ್ಲಿ ಒಂದು ತಾಸಿನ ಹಾರಾಟಕ್ಕೆ ಕೆಲವು ಸೀಟಿಗೆ 2,500 ರೂಪಾಯಿ ಅಂತ ಮಿತಿ ಇಟ್ಟಿದ್ದರು. ಆದರೆ ಆ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅದು ಮುಗಿದ ಮೇಲೆ ಸೀಟು ತುಂಬಿದರೆ ವಿಮಾನ ಉಳೀತದೆ, ಇಲ್ಲಾಂದರೆ ಹೋಗ್ತದೆ. ಒಂದು ವರ್ಷ ಇದ್ದ ಊರಿನ ವಿಮಾನ ಮರುವರ್ಷ ಮಾಯ ಆಗೋದಕ್ಕೆ ಇದೊಂದು ಕಾರಣ.

ಅದಕ್ಕೆ ಹಳೆಯ ವೇಳಾಪಟ್ಟಿ ನಂಬಿ ಕೂಡಬಾರದು. ಮಾರ್ಚ್ ತಿಂಗಳ ಕಡೆಯ ರವಿವಾರ ಬೇಸಿಗೆ ವೇಳಾಪಟ್ಟಿ ಶುರು, ಅಕ್ಟೋಬರ್ ಕಡೆಯ ರವಿವಾರ ಚಳಿಗಾಲದ್ದು. ವಿಮಾನದ ಹೊತ್ತು ಹಿಂದುಮುಂದು ಆಗೋದು, ಮಾರ್ಗ ಹುಟ್ಟೋದು, ಸಾಯೋದು ಬಹುತೇಕ ಈ ಎರಡು ರವಿವಾರಗಳಿಗೆ. ಅದರ ಮುಂಚೆ ಟಿಕೆಟ್ ತೆಗೆದಿಟ್ಟವರು ಮೊಬೈಲಿಗೆ ಬರೋ ಮೆಸೇಜ್ ಓದದೇ ಅಳಿಸಬಾರದು.

ಎರಡೂ ಕಡೆ ಇನ್ನೂ ದೊಡ್ಡ ಟರ್ಮಿನಲ್‌ಗೆ ಪ್ರಧಾನಿ ನರೇಂದ್ರ ಮೋದಿ 2024ರ ಮಾರ್ಚ್ 10ರಂದು ಒಂದೇ ದಿನ ಶಂಕುಸ್ಥಾಪನೆ ಮಾಡಿದರು. ಬೆಳಗಾವಿ–ಧಾರವಾಡ ನೇರ ರೈಲು ಮಾರ್ಗ ಕಿತ್ತೂರು ಮೇಲಿಂದ ಹಾಯೋದು, ಅದರ ಉದ್ದ ಸುಮಾರು 73 ಕಿ.ಮೀ. ದಿವಂಗತ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಅದಕ್ಕೆ ಜೀವ ಬಂದಿದ್ದು. ಈಗಿನ ರೈಲು ಲೋಂಡಾ ಸುತ್ತಿ ಹೋಗ್ತದೆ. ಆ ಮಾರ್ಗ ಆದ ಮೇಲೆ ನಮ್ಮ ಕಡೆಯವರಿಗೆ ಎರಡು ನಿಲ್ದಾಣಗಳ ನಡುವಿನ ಲೆಕ್ಕವೇ ಬೇರೆ ಆಗ್ತದೆ.

ಇಬ್ಬರೂ ನಮ್ಮವರೇ

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ವಿಧಾನಸಭೆ ಒಂದು ನಿರ್ಣಯ ಪಾಸ್ ಮಾಡಿತು. ಬೆಳಗಾವಿ ನಿಲ್ದಾಣಕ್ಕೆ ಕಿತ್ತೂರು ರಾಣಿ ಚನ್ನಮ್ಮನ ಹೆಸರು, ಹುಬ್ಬಳ್ಳಿ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಇಡಬೇಕು ಅಂತ ಕೇಂದ್ರಕ್ಕೆ ಶಿಫಾರಸು. ಚನ್ನಮ್ಮನ ಕೋಟೆ ಕಿತ್ತೂರಿನಲ್ಲಿ, ಸಮಾಧಿ ಬೈಲಹೊಂಗಲದಲ್ಲಿ. ರಾಯಣ್ಣನ ಸಂಗೊಳ್ಳಿ ಬೈಲಹೊಂಗಲ ತಾಲೂಕಿನದೇ. ಎರಡೂ ನಿಲ್ದಾಣ ನಮ್ಮ ತಾಲೂಕಿನ ಹೊರಗೆ, ಹೆಸರು ಎರಡೂ ನಮ್ಮ ತಾಲೂಕಿನವು.

ನಾಳೆ ಬೋರ್ಡ್ ಬದಲಾದರೆ "ಚನ್ನಮ್ಮ ಏರ್‌ಪೋರ್ಟ್" ಅಂದ ಕೂಡಲೇ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ ನೆನಪಾಗಿ ಯಾರಾದರೂ ಆ ಕಡೆ ಗಾಡಿ ತಿರುಗಿಸೋದು ಖರೆ. ಡ್ರೈವರ್‌ಗೆ ಹೇಳೋವಾಗ ಸಾಂಬ್ರಾ ಅಥವಾ ಗೋಕುಲ ರೋಡ್ ಅನ್ನೋ ಮಾತನ್ನ ಬಿಡಬೇಡ್ರಿ. ಟಿಕೆಟ್ ಮೇಲೆ ಐಎಕ್ಸ್‌ಜಿ, ಎಚ್‌ಬಿಎಕ್ಸ್ ನೋಡ್ರಿ. ನಮ್ಮ ಮನೆಯಲ್ಲಿ ಈಗ ಯಾರಾದರೂ ಬರ್ತೀನಿ ಅಂತ ಫೋನ್ ಮಾಡಿದರೆ ಅವ್ವ ಮೊದಲು ಕೇಳೋದು, "ಸಾಂಬ್ರಾಕ್ಕೋ, ಗೋಕುಲ ರೋಡಿಗೋ?"